ವಿಧಾನಸೌಧದಲ್ಲಿ ನಮ್ಮದೊಂದು ವಾರ

ಅಧಿವೇಶನ ನಡೆಯುತ್ತಿದ್ದ ಒಂದು ಬುಧವಾರದ ಮಾತು. ನೆರೆಮನೆಯ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕುಳಿತಿದ್ದೆ. ಹೋಳಿಗೆ ಬಡಿಸಿ ಹೋದ ಮೇಲೆ ಎದುರು ಸಾಲಿನ ಹಿರಿಯರೊಬ್ಬರು ನಮ್ಮ ಊರಿನ ಮಾತಿನಲ್ಲೇ ಹೇಳಿದರು: "ಹ್ವಾಯ್, ಎಮ್ಮೆಲ್ಲೆಯವ್ರ್ ಈ ಮದಿಗೆ ಬಂದದ್ದೇ ಇಲ್ಲ, ಕಾಣಿ. ಓಟಿಗ್ ಮಾತ್ರ ನಮ್ಮನಿ ದಾರಿ ಗೊತ್ತಾತ್ತ್." ಪಕ್ಕದವರು ತಲೆದೂಗಿದರು. ಆ ದಿನ ಬೆಂಗಳೂರಿನಲ್ಲಿ ವಿಧಾನಸಭೆ ಕೂಡಿದೆಯೆಂಬುದನ್ನು ನಾನು ಬೆಳಗಿನ ಪತ್ರಿಕೆಯಲ್ಲಿ ಓದಿದ್ದೆ. ಆದರೆ ತುಂಬಿದ ಪಂಕ್ತಿಯಲ್ಲಿ ಹಿರಿಯರ ಮಾತಿಗೆ ಎದುರು ಹೇಳುವ ಧೈರ್ಯ ಬರಲಿಲ್ಲ. ಅಂದು ನುಂಗಿಕೊಂಡ ಮಾತನ್ನು ಈಗ ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ. ಗುರುಗಳೂ ಸಹಪಾಠಿಗಳೂ ಓದಿ, ತಪ್ಪಿದ್ದರೆ ತಿದ್ದಬೇಕು.

ಶಾಸಕನೆಂದರೆ ಶಾಸನ ಮಾಡುವವನು ಎಂಬುದು ಆ ಶಬ್ದದಲ್ಲೇ ಇದೆ. ಆದರೆ ನಾವು ಅವರನ್ನು ಅಳೆಯುವ ಕೋಲು ಬೇರೆಯೇ ಆಗಿದೆ. ಮದುವೆಗೆ ಬಂದರೆ? ಗೃಹಪ್ರವೇಶಕ್ಕೆ ಬಂದರೆ? ನಾಗಮಂಡಲದ ವೇದಿಕೆಯಲ್ಲಿ ಕುಳಿತರೆ? ಕೊಡಿಹಬ್ಬದ ದಿನ ಕೋಟೇಶ್ವರದಲ್ಲಿ ಕಂಡರೆ? ಹರಕೆಯಾಟದ ಚೌಕಿಗೆ ಬಂದು ಕೈಮುಗಿದು ಹೋದರೆ? ಇಷ್ಟಕ್ಕೆಲ್ಲ ನಮ್ಮಲ್ಲಿ ಲೆಕ್ಕ ಉಂಟು. ವಿಧಾನಸಭೆಯಲ್ಲಿ ಅವರು ಏನು ಕೇಳಿದರು, ಯಾವ ಕಾಯಿದೆಗೆ ಏನು ತಿದ್ದುಪಡಿ ತಂದರು, ಯಾವ ಸಮಿತಿಯಲ್ಲಿ ಕುಳಿತರು ಎಂಬುದಕ್ಕೆ ನಮ್ಮಲ್ಲಿ ಲೆಕ್ಕವೇ ಇಲ್ಲ. ಶಾಸಕರು ವಿಧಾನಸೌಧದಲ್ಲಿ ಕಳೆಯುವ ವಾರ ಅವರ ಸ್ವಂತದ್ದಲ್ಲ, ಅದು ನಮ್ಮ ವಾರ. ಅದರ ಲೆಕ್ಕವನ್ನು ನಾವೇ ಇಡಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ.

ಈ ವಾರ ನಮಗೆ ಸುಲಭದಲ್ಲಿ ದೊರೆತುದಲ್ಲ. ೧೯೫೬ರ ನವೆಂಬರ್ ೧ರವರೆಗೆ ಶಿರೂರಿನಿಂದ ತೆಂಕಲಿನ ನಮ್ಮ ಈ ಕರಾವಳಿ ಮದ್ರಾಸಿಗೆ ಸೇರಿತ್ತು. ಕೋಟದ ಕೆ. ಆರ್. ಕಾರಂತರು, ಶಿವರಾಮ ಕಾರಂತರ ಅಣ್ಣ, ಮದ್ರಾಸು ಸರಕಾರದಲ್ಲಿ ಸಚಿವರಾಗಿದ್ದವರು. ಹೊಳೆಗಳಿಗೆ ಸೇತುವೆಗಳಿಲ್ಲದ ಕಾಲವದು. ದೋಣಿಯಲ್ಲಿ ಕಡವು ದಾಟಿ ದಾಟಿ ಮಂಗಳೂರು ಸೇರಬೇಕು, ಅಲ್ಲಿಂದ ರೈಲು ಹಿಡಿದು ಮದ್ರಾಸಿಗೆ ಹೋಗಬೇಕು. ಅಲ್ಲಿಯ ಸಭೆಯಲ್ಲಿ ತಮಿಳರ, ತೆಲುಗರ ನಡುವೆ ಕನ್ನಡದವರು ಬೆರಳೆಣಿಕೆಯವರು. ಈಗ ನಮ್ಮ ಪ್ರತಿನಿಧಿ ರಾತ್ರಿ ಬಸ್ಸು ಹತ್ತಿದರೆ, ಇಲ್ಲವೆ ನಮ್ಮ ಪಂಚಗಂಗಾವಳಿಯ ಹೆಸರಿನ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಹಿಡಿದರೆ, ಬೆಳಗಾಗುವಾಗ ಬೆಂಗಳೂರು. ಕನ್ನಡದಲ್ಲೇ ಕೇಳಬಹುದು, ಕನ್ನಡದಲ್ಲೇ ಉತ್ತರ ಪಡೆಯಬಹುದು. ೧೯೫೧ರ ಜುಲೈ ೧೩ರಂದು ನೆಹರೂ ಅವರು ಅಡಿಗಲ್ಲಿಟ್ಟು, ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದ ಆ ಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆದಿದೆ. ದೇವರ ಕೆಲಸವೆಂದ ಮೇಲೆ ಭಕ್ತರಿಗೂ ಅದರಲ್ಲಿ ಪಾಲು ಇರಬೇಕಷ್ಟೆ!

ನಮ್ಮ ಮತದಾರರು ಬುದ್ಧಿವಂತರಲ್ಲವೆಂದು ಯಾರೂ ಹೇಳಲಾರರು. ಬ್ರಹ್ಮಾವರ ಕ್ಷೇತ್ರದವರು ೧೯೯೯ರಲ್ಲಿಯೂ ೨೦೦೪ರಲ್ಲಿಯೂ ಕೆ. ಜಯಪ್ರಕಾಶ ಹೆಗ್ಡೆಯವರನ್ನು ಪಕ್ಷೇತರರಾಗಿಯೇ ಆರಿಸಿ ಕಳಿಸಿದರು. ಕುಂದಾಪುರದವರು ೧೯೯೯ರಿಂದ ೨೦೧೮ರವರೆಗೆ ಐದು ಚುನಾವಣೆಗಳಲ್ಲಿ ಹಾಲಾಡಿ ಶ್ರೀನಿವಾಸ ಶೆಟ್ಟರನ್ನು ಆರಿಸಿದರು. ಅವುಗಳಲ್ಲಿ ೨೦೧೩ರ ಗೆಲುವು ಯಾವ ಪಕ್ಷದ ಚಿಹ್ನೆಯೂ ಇಲ್ಲದೆ ಬಂದುದು. ಹಾಗೆಂದರೆ ಪಕ್ಷವನ್ನು ಮೀರಿ ಮನುಷ್ಯನನ್ನು ನೋಡುವ ಗುಣ ನಮ್ಮ ಮಣ್ಣಿನಲ್ಲಿದೆ. ಆ ಮನುಷ್ಯನ ಯಾವ ಕೆಲಸವನ್ನು ನೋಡಬೇಕು ಎಂಬುದಷ್ಟೇ ಈಗ ಉಳಿದಿರುವ ಪ್ರಶ್ನೆ.

ಇನ್ನು ಆ ವಾರವನ್ನು ನೋಡೋಣ.

ಸೋಮವಾರ ಬೆಳಗ್ಗೆ ಶಾಸಕರ ಭವನದಲ್ಲಿ ಸ್ನಾನ ಮುಗಿಯುವ ಮುನ್ನವೇ ಬಾಗಿಲಲ್ಲಿ ಜನ ನಿಂತಿರುತ್ತಾರೆ. ಊರಿನಿಂದ ಕಿದ್ವಾಯಿ ಆಸ್ಪತ್ರೆಗೆ ಬಂದವರು, ಜಯದೇವಕ್ಕೆ ಬಂದವರು, ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕಾಗದ ಬೇಕಾದವರು, ಮಗಳ ವರ್ಗಾವಣೆಗೆ ಬಂದವರು. ಇವರನ್ನೆಲ್ಲ ದಾಟಿ ಸದನಕ್ಕೆ ಹೋಗಬೇಕು. ಅಲ್ಲಿ ಪ್ರಶ್ನೋತ್ತರದ ಹೊತ್ತು. ಶಾಸಕರು ಮುಂಚಿತವಾಗಿ ಬರೆದುಕೊಟ್ಟ ಪ್ರಶ್ನೆಗೆ ಸಚಿವರು ಉತ್ತರ ಕೊಡಲೇಬೇಕು. ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ನಮ್ಮ ಗ್ರಾಮದ ಕಚೇರಿಯಲ್ಲಿ ಆರು ತಿಂಗಳು ಅಲೆದರೂ ಸಿಗದ ಲೆಕ್ಕ, ಒಬ್ಬ ಶಾಸಕರ ಎರಡು ಸಾಲಿನ ಪ್ರಶ್ನೆಗೆ ಇಲಾಖೆಯ ಮೊಹರಿನೊಂದಿಗೆ ಹೊರಬರುತ್ತದೆ. ಸಚಿವರು ಸದನಕ್ಕೆ ಬೇಕೆಂದೇ ಸುಳ್ಳು ಹೇಳಿದರೆ ಹಕ್ಕುಚ್ಯುತಿಯಾಗುತ್ತದೆ. ಮಾಡುತ್ತೇವೆಂದು ಮಾತು ಕೊಟ್ಟರೆ, ಆ ಮಾತು ನಡೆಯಿತೆ ಇಲ್ಲವೆ ಎಂದು ವಿಚಾರಿಸುವುದಕ್ಕೆ ಭರವಸೆಗಳ ಸಮಿತಿಯೆಂಬುದೊಂದು ಇದೆ.

ಆದರೆ ಪ್ರಶ್ನೆಯಲ್ಲಿಯೂ ಪ್ರಶ್ನೆ ಉಂಟು. ಉದಾಹರಣೆಗೆ ಕಾಲುಸಂಕದ ವಿಷಯವನ್ನೇ ತೆಗೆದುಕೊಳ್ಳೋಣ. ೨೦೨೨ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ, ಮಳೆಗೆ ತುಂಬಿದ್ದ ಹಳ್ಳದಲ್ಲಿ ಕೊಚ್ಚಿಹೋದಳು. ಆ ಸುದ್ದಿ ಓದಿದಾಗ ನನಗೆ ನಮ್ಮದೇ ಊರಿನ ಸಂಕ ನೆನಪಾಯಿತು. ಅಡಿಕೆ ಮರದ ಕಾಂಡ ಹಾಸಿ, ಒಂದು ಬದಿಗೆ ಬಿದಿರಿನ ಹಿಡಿಗೋಲು ಕಟ್ಟಿದ ಸಂಕವದು. ಆಟಿಯ ಮಳೆಯಲ್ಲಿ ಅದರ ಮೇಲೆ ಹಾವಸೆ ಹಿಡಿದಿರುತ್ತಿತ್ತು. ಕೊಡೆ ಒಂದು ಕೈಯಲ್ಲಿ, ಚೀಲ ಬೆನ್ನಿನಲ್ಲಿ; ನಮ್ಮಲ್ಲಿ ಅನೇಕರು ಹಾಗೆಯೇ ಓದಿ ಈ ಕಾಲೇಜಿಗೆ ಬಂದವರು.

ಈ ವಿಷಯದಲ್ಲಿ ಶಾಸಕರೊಬ್ಬರು ಎರಡು ರೀತಿಯಲ್ಲಿ ಪ್ರಶ್ನೆ ಕೇಳಬಹುದು. ಮೊದಲನೆಯದು: ಕರಾವಳಿಯಲ್ಲಿ ಕಾಲುಸಂಕಗಳ ಸಮಸ್ಯೆ ಇರುವುದು ಸರಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? ಇದಕ್ಕೆ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಬಂದಿದೆ, ಪರಿಶೀಲನೆಯಲ್ಲಿದೆ. ಬಂದಿಲ್ಲವೆಂದು ಉತ್ತರಿಸಿದರೆ ಕೆಳಗಿನ ಪ್ರಶ್ನೆಗೆ ಒಂದೇ ಪದ ಸಾಕು: ಉದ್ಭವಿಸುವುದಿಲ್ಲ. ಮುಗಿಯಿತು. ಎರಡನೆಯದು: ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲೂಕುಗಳಲ್ಲಿ ಶಾಲೆಗೆ ಹೋಗುವ ಮಕ್ಕಳು ದಾಟುವ ಕಾಲುಸಂಕಗಳು ಗ್ರಾಮವಾರು ಎಷ್ಟು? ಅವುಗಳಲ್ಲಿ ಎಷ್ಟಕ್ಕೆ ಹಣ ಮಂಜೂರಾಗಿದೆ? ಯಾವ ಇಲಾಖೆ, ಯಾವ ತಿಂಗಳೊಳಗೆ ಕಟ್ಟುತ್ತದೆ? ಈ ಪ್ರಶ್ನೆಗೆ ಉತ್ತರ ಬರೆಯಬೇಕಾದರೆ ಇಂಜಿನಿಯರರು ಹಳ್ಳದ ಬದಿಗೆ ಬಂದು ನಿಲ್ಲಲೇಬೇಕು. ಎರಡು ಪ್ರಶ್ನೆಗಳಿಗೂ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಆದರೆ ಎರಡನೆಯದನ್ನು ಕೇಳಬೇಕಾದರೆ ಶಾಸಕರಿಗೆ ಊರಿನ ವಿವರ ಗೊತ್ತಿರಬೇಕು. ಆ ವಿವರವನ್ನು ಒದಗಿಸಬೇಕಾದವರು ಯಾರು? ಹೋಳಿಗೆ ತಿನ್ನುತ್ತ ದೂರು ಹೇಳುವ ನಾವು.

ಪ್ರಶ್ನೋತ್ತರದ ಅನಂತರ ಶೂನ್ಯವೇಳೆ, ಗಮನ ಸೆಳೆಯುವ ಸೂಚನೆ. ಆಮೇಲೆ ವಿಧೇಯಕಗಳು. ವಿಧೇಯಕವೆಂದರೆ ಒಣ ಕಾಗದವೆಂದು ನಮ್ಮಲ್ಲಿ ಅನೇಕರ ಭಾವನೆ. ಹಾಗೆಂದುಕೊಂಡವರು ಮನೆಯ ಅಜ್ಜನನ್ನು ಡಿಕ್ಲರೇಶನ್ ಎಂದರೇನೆಂದು ಒಮ್ಮೆ ಕೇಳಲಿ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ೧೯೭೪ರ ಮಾರ್ಚ್ ೧ರಿಂದ ಗೇಣಿಯ ಭೂಮಿ ಸರಕಾರಕ್ಕೆ ಸೇರಿತು. ಗೇಣಿದಾರರು ೭ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ನಿಂತು, ತಾವು ಉತ್ತ ಗದ್ದೆಗೆ ತಾವೇ ಒಡೆಯರಾದರು. ಮೂಲಗೇಣಿ, ಚಾಲಗೇಣಿಯೆಂದು ತಲೆಮಾರುಗಳಿಂದ ಅಕ್ಕಿಮುಡಿ ಹೊತ್ತು ಹಾಕುತ್ತಿದ್ದ ಮನೆಗಳಿಂದಲೇ ಇಂದು ನಮ್ಮ ತರಗತಿಯ ಅರ್ಧದಷ್ಟು ಮಕ್ಕಳು ಬಂದಿದ್ದಾರೆಂದರೆ ಅತಿಶಯೋಕ್ತಿಯಾಗದು. ಗೇಣಿಯ ಆದಾಯವನ್ನೇ ನಂಬಿದ್ದ ಕೆಲವು ಬಡ ಕುಟುಂಬಗಳು, ವಿಧವೆಯರು ಅದೇ ಕಾಯಿದೆಯಿಂದ ಕಷ್ಟಕ್ಕೆ ಬಿದ್ದುದೂ ಸುಳ್ಳಲ್ಲ. ಒಳಿತಾಗಲಿ ಕೆಡುಕಾಗಲಿ, ಆ ಕಾಯಿದೆ ಬರೆಯಲ್ಪಟ್ಟುದು ಸದನದಲ್ಲಿ. ಅದರ ಪರಿಣಾಮವಾದುದು ನಮ್ಮ ಅಂಗಳದಲ್ಲಿ. ಖಂಡಖಂಡವಾಗಿ ಓದಿ ಚರ್ಚಿಸುವ ಶಾಸಕರು ಬೇಕೆನ್ನುವುದು ಅದಕ್ಕಾಗಿಯೇ.

ಹಣದ ವಿಷಯವೂ ಹಾಗೆಯೇ. ಶಾಸಕರಿಗೆ ಕ್ಷೇತ್ರದ ಕೆಲಸಕ್ಕಾಗಿ ವರ್ಷಕ್ಕೆ ೨ ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಉಂಟು. ಬಸ್ಸು ತಂಗುದಾಣದ ಹಲಗೆಯ ಮೇಲೆ ಕಾಣುವ ಹೆಸರು ಅದರದ್ದು. ಆ ಎರಡು ಕೋಟಿಯನ್ನು ನಾವು ಬಹಳ ಎಚ್ಚರದಿಂದ ನೋಡುತ್ತೇವೆ. ಅದೇ ಶಾಸಕರ ಒಪ್ಪಿಗೆಯಿಂದ ಹೊರಡುವ ರಾಜ್ಯದ ಆಯವ್ಯಯ ೨೦೨೫-೨೬ರಲ್ಲಿ ೪ ಲಕ್ಷ ಕೋಟಿಯನ್ನು ಮೀರಿತು. ಅದರ ಕಡೆಗೆ ನಮ್ಮ ಕಣ್ಣು ಹೋಗುವುದೇ ಇಲ್ಲ. ವಾರಾಹಿ ನೀರಾವರಿ ಯೋಜನೆ ೧೯೭೯ರಲ್ಲಿ ಹೊರಟಾಗ ಅದರ ಅಂದಾಜು ೯.೪೩ ಕೋಟಿ ರೂಪಾಯಿ. ಕುಂದಾಪುರ, ಉಡುಪಿ ಕಡೆಯ ೧೫,೭೦೨ ಹೆಕ್ಟೇರು ಭೂಮಿಗೆ ನೀರುಣಿಸುವ ಮಾತು ಅದರಲ್ಲಿತ್ತು. ಮೇಲೆ ಹೊಸಂಗಡಿಯ ಭೂಗರ್ಭದ ವಿದ್ಯುದಾಗಾರ ೧೯೮೯ರಲ್ಲೇ ಕೆಲಸ ಆರಂಭಿಸಿತು. ಕೆಳಗೆ ಕಾಲುವೆಯಲ್ಲಿ ಮೊದಲ ಹಂತದ ನೀರು ಹರಿಯಲು ೨೦೧೫ ಬರಬೇಕಾಯಿತು; ಅಷ್ಟರಲ್ಲಿ ಅಂದಾಜು ಐನೂರು ಕೋಟಿಯನ್ನೂ ದಾಟಿತ್ತು. ಆ ಮೂವತ್ತಾರು ವರ್ಷಗಳಲ್ಲಿ ಎಷ್ಟು ಆಯವ್ಯಯಗಳು ಮಂಡನೆಯಾದವು, ಎಷ್ಟು ಬೇಡಿಕೆಗಳ ಚರ್ಚೆ ನಡೆಯಿತು! ಒಂದೊಂದು ವರ್ಷವೂ ಇಡೀ ಕ್ಷೇತ್ರ ಒಟ್ಟಾಗಿ ಈ ಸಲ ಕಾಲುವೆಗೆ ಎಷ್ಟು ಎಂದು ಕೇಳಿದ್ದರೆ, ನೀರಿಗೆ ಅಷ್ಟು ವರ್ಷ ಕಾಯಬೇಕಾಗುತ್ತಿತ್ತೆ?

ಸದನದ ವಾರದ ಇನ್ನೊಂದು ಭಾಗ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದು ಸಮಿತಿಗಳ ಕೆಲಸ. ಲೆಕ್ಕಪತ್ರ ಸಮಿತಿ, ಅಂದಾಜು ಸಮಿತಿ, ಅರ್ಜಿಗಳ ಸಮಿತಿ ಮೊದಲಾದವು ಮುಚ್ಚಿದ ಕೋಣೆಯಲ್ಲಿ ಕುಳಿತು ಅಧಿಕಾರಿಗಳನ್ನು ಕರೆದು ವಿಚಾರಿಸುತ್ತವೆ. ಅಲ್ಲಿ ಗ್ಯಾಲರಿ ಇಲ್ಲ, ಚಪ್ಪಾಳೆ ಇಲ್ಲ. ಆದುದರಿಂದಲೇ ಅಲ್ಲಿ ಕೆಲಸ ನಡೆಯುತ್ತದೆಂದು ಬಲ್ಲವರು ಹೇಳುತ್ತಾರೆ.

ಇಷ್ಟು ದೊಡ್ಡ ಕೆಲಸಕ್ಕೆ ದೊರೆಯುವ ದಿನಗಳೆಷ್ಟು? ವರ್ಷಕ್ಕೆ ಕನಿಷ್ಠ ೬೦ ದಿನ ಅಧಿವೇಶನ ನಡೆಯಬೇಕೆಂದು ೨೦೦೫ರಲ್ಲಿ ಈ ಶಾಸನಸಭೆಯೇ ಒಂದು ಕಾಯಿದೆ ಮಾಡಿತು. ಆ ಸಂಖ್ಯೆಯನ್ನು ಮುಟ್ಟದೆ ಹೋದ ವರ್ಷಗಳೇ ಹೆಚ್ಚು. ತಾನು ಮಾಡಿದ ಕಾಯಿದೆಯನ್ನು ತಾನೇ ಪಾಲಿಸದ ಸಭೆ ಇತರರಿಗೆ ಏನೆಂದು ಹೇಳೀತು? ಕೂಡಿದ ದಿನಗಳೂ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ೨೦೨೫ರ ಮಾರ್ಚ್ ೨೧ರಂದು ವಿಧಾನಸಭೆಯಲ್ಲಿ ಗದ್ದಲವೆದ್ದು, ೧೮ ಮಂದಿ ಶಾಸಕರು ಆರು ತಿಂಗಳಿಗೆ ಅಮಾನತಾದರು. ಮೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಅವರಲ್ಲಿ ೨೦೨೩ರಲ್ಲಿ ಉಡುಪಿ ಕ್ಷೇತ್ರದಿಂದ ಆರಿಸಿಬಂದ ಯಶಪಾಲ್ ಸುವರ್ಣರೂ ಒಬ್ಬರು. ತಪ್ಪು ಯಾರದೆಂಬುದನ್ನು ಪಕ್ಷಗಳವರು ತಮ್ಮತಮ್ಮಲ್ಲಿ ತೀರ್ಮಾನಿಸಿಕೊಳ್ಳಲಿ. ೨೦೦೮ರ ಕ್ಷೇತ್ರವಿಂಗಡಣೆಯಲ್ಲಿ ಬ್ರಹ್ಮಾವರ ಕ್ಷೇತ್ರವೇ ಅಳಿದು, ಅದರ ಗ್ರಾಮಗಳು ಉಡುಪಿಗೂ ಕುಂದಾಪುರಕ್ಕೂ ಹಂಚಿಹೋದವು. ಹತ್ತು ವರ್ಷಗಳ ಅನಂತರ, ೨೦೧೮ರಲ್ಲಿ, ಬ್ರಹ್ಮಾವರ ತಾಲೂಕಾಯಿತು. ಕ್ಷೇತ್ರ ಮಾತ್ರ ಮರಳಲಿಲ್ಲ. ಹೀಗಿರುವ ಊರಿನ ಶಾಸಕರು ಅಮಾನತಿನ ಆ ದಿನಗಳಲ್ಲಿ ಸ್ಥಾಯೀ ಸಮಿತಿಗಳ ಸಭೆಗೂ ಹೋಗುವಂತಿರಲಿಲ್ಲ. ಅಷ್ಟು ದಿನ ನಷ್ಟವಾದುದು ಬ್ರಹ್ಮಾವರ ಪೇಟೆಯ ಮತದಾರನಿಗೆ. ಅದೇ ದಿನ, ಅದೇ ಗದ್ದಲದ ನಡುವೆ, ಶಾಸಕರ ತಿಂಗಳ ಸಂಬಳವನ್ನು ೪೦,೦೦೦ದಿಂದ ೮೦,೦೦೦ ರೂಪಾಯಿಗೆ ಏರಿಸುವ ವಿಧೇಯಕವೂ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಸಂಬಳ ಹೆಚ್ಚಬಾರದೆಂದು ನಾನು ಹೇಳುವುದಿಲ್ಲ. ಬಡವನೂ ಶಾಸಕನಾಗಬೇಕಾದರೆ ಸಂಬಳ ಬೇಕು. ಆದರೆ ತಮ್ಮ ಸಂಬಳದ ವಿಷಯದಲ್ಲಿಯಾದರೂ ಸದನ ಬಾಯಿಬಿಟ್ಟು ಕಾರಣ ಹೇಳಬೇಕಿತ್ತೆಂದು ನನ್ನ ನಮ್ರ ಅಭಿಪ್ರಾಯ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನಮ್ಮ ಗುರುಗಳೊಬ್ಬರೇ ಹೇಳಿದುದು: "ನೀನು ಹೇಳುವುದು ಪುಸ್ತಕದ ಮಾತು, ತಮ್ಮಾ. ವಿಧವಾ ವೇತನ ನಿಂತುಹೋದ ಹೆಂಗಸಿಗೆ ವಿಧೇಯಕದಿಂದ ಏನಾಗಬೇಕು? ಅವಳಿಗೆ ತೆರೆದ ಬಾಗಿಲೆಂದರೆ ಶಾಸಕರ ಮನೆಯದ್ದೊಂದೇ." ಈ ಮಾತನ್ನು ನಾನು ಒಪ್ಪುತ್ತೇನೆ. ಕಚೇರಿಯ ಬಾಗಿಲು ಮುಚ್ಚಿದುದರಿಂದಲೇ ಜನ ಶಾಸಕರ ಬಾಗಿಲಿಗೆ ಹೋಗುತ್ತಾರೆ. ಹೋಗಬಾರದೆನ್ನುವ ಹಕ್ಕು ನನಗಿಲ್ಲ. ಆದರೆ ಒಬ್ಬ ಹೆಂಗಸಿನ ವೇತನ ಶಾಸಕರ ಫೋನಿನಿಂದ ಬಂದರೆ ಅದು ಅವರು ಮಾಡಿದ ಉಪಕಾರ. ನಿಂತುಹೋದ ಎಲ್ಲರ ವೇತನ ಸದನದ ಪ್ರಶ್ನೆಯಿಂದ ಬಂದರೆ ಅದು ಎಲ್ಲರಿಗೆ ಸಲ್ಲುವ ನ್ಯಾಯ. ಉಪಕಾರಕ್ಕೆ ನಾವು ಜನ್ಮವಿಡೀ ಋಣಿಗಳಾಗಿರಬೇಕಾಗುತ್ತದೆ. ನ್ಯಾಯಕ್ಕೆ ಯಾರ ಋಣವೂ ಇಲ್ಲ. ಮೊದಲನೆಯದನ್ನು ಮಾತ್ರ ಬೇಡುತ್ತ ಹೋದರೆ ಎರಡನೆಯದು ಎಂದಿಗೂ ಬಾರದು.

ಬೇಡುವಾಗ ಯಾರನ್ನು ಏನು ಬೇಡಬೇಕೆಂಬುದೂ ನಮಗೆ ತಿಳಿದಿರಬೇಕು. ಕುಂದಾಪುರದ ಶಾಸ್ತ್ರಿ ವೃತ್ತದ ಮೇಲ್ಸೇತುವೆ ವರ್ಷಗಟ್ಟಲೆ ಅರೆಬರೆಯಾಗಿ ನಿಂತಿದ್ದಾಗ ಜನ ಬೈದುದು ಹೆಚ್ಚಾಗಿ ಶಾಸಕರನ್ನು. ಅದಾದರೋ ರಾಷ್ಟ್ರೀಯ ಹೆದ್ದಾರಿ. ಕೇಂದ್ರಕ್ಕೆ ಸೇರಿದ್ದು, ಕೇಳಬೇಕಾದವರು ಲೋಕಸಭೆಯ ಸದಸ್ಯರು. ಬೀದಿದೀಪ ಪಂಚಾಯತಿಗೆ ಸೇರಿದ್ದು. ಎಲ್ಲದಕ್ಕೂ ಒಬ್ಬರನ್ನೇ ಎಳೆದಾಡಿದರೆ, ಅವರು ಎಲ್ಲಿಯೂ ಪೂರ್ತಿ ನಿಲ್ಲಲಾರದೆ ಗುರುವಾರ ಸಂಜೆಯೇ ಊರಿನ ಬಸ್ಸು ಹತ್ತುತ್ತಾರೆ. ಶುಕ್ರವಾರದ ಖಾಲಿ ಕುರ್ಚಿಯಲ್ಲಿ ನಮ್ಮ ಮದುವೆಯ ಕರೆಯೋಲೆಯ ಪಾಲೂ ಉಂಟು. ಒಟ್ಟು ೨೨೪ ಮಂದಿಯಲ್ಲಿ ೨೩ ಮಂದಿ ಇದ್ದರೆ ಸಭೆ ನಡೆಸಲು ಕೋರಂ ಸಾಕು. ಆ ೨೩ರಲ್ಲಿ ನಮ್ಮವರು ಇದ್ದರೇ ಎಂದು ನಾವು ಎಂದಾದರೂ ಕೇಳಿದ್ದೇವೆಯೇ?

ಬರಿದೇ ಟೀಕೆ ಮಾಡಿ ಕೈತೊಳೆದುಕೊಳ್ಳುವುದು ವಿದ್ಯಾರ್ಥಿಗಳಿಗೆ ಭೂಷಣವಲ್ಲ. ಆದಕಾರಣ ಒಂದು ಸಣ್ಣ ಸೂಚನೆ. ನಮ್ಮ ಕಾಲೇಜಿನ ವಾಚನಾಲಯದಲ್ಲಿ ಒಂದು ದಪ್ಪ ಪುಸ್ತಕ ಇಡೋಣ. ಕುಂದಾಪುರ, ಬೈಂದೂರು, ಉಡುಪಿ ಎಂದು ಮೂರು ಭಾಗ. ಸದನದ ನಡವಳಿಗಳೂ ಪ್ರಶ್ನೋತ್ತರಗಳೂ ಈಗ ಮನೆಯಲ್ಲೇ ಕುಳಿತು ಓದಲು ಸಿಗುತ್ತವೆ. ಪ್ರತಿ ಅಧಿವೇಶನ ಮುಗಿದ ಮೇಲೆ ನಮ್ಮ ಶಾಸಕರು ಕೇಳಿದ ಪ್ರಶ್ನೆ, ಬಂದ ಉತ್ತರ, ದೊರೆತ ಭರವಸೆ ಇವನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಬರೆದಿಡಲಿ. ಅಧಿವೇಶನಕ್ಕೆ ತಿಂಗಳ ಮುಂಚೆ ನಾವೇ ನಮ್ಮ ನಮ್ಮ ಗ್ರಾಮದ ಕಾಲುಸಂಕ ಎಣಿಸಿ, ಶಿಕ್ಷಕರಿಲ್ಲದ ಶಾಲೆಗಳ ಪಟ್ಟಿ ಮಾಡಿ, ವಾರಾಹಿಯ ನೀರು ಮುಟ್ಟದ ಗದ್ದೆಗಳನ್ನು ಗುರುತಿಸಿ, ಪ್ರಶ್ನೆಯ ರೂಪದಲ್ಲಿ ಬರೆದು ಶಾಸಕರಿಗೆ ಕೊಡೋಣ. ಯಾವ ಪಕ್ಷದವರಾದರೂ ಸರಿ, ಹೀಗೆ ಸಿದ್ಧವಾಗಿ ಬಂದ ಪ್ರಶ್ನೆಯನ್ನು ಬೇಡವೆನ್ನುವ ಶಾಸಕರು ಇರಲಾರರು. ವರ್ಷದ ಕೊನೆಗೆ ಅವರನ್ನು ವಾರ್ಷಿಕೋತ್ಸವದ ಹಾರಕ್ಕಷ್ಟೇ ಕರೆಯದೆ, ಈ ಪುಸ್ತಕವನ್ನು ಎದುರಿಟ್ಟುಕೊಂಡು ಒಂದು ಗಂಟೆ ಮಾತಾಡೋಣ. ಗೌರವದಿಂದಲೇ ಕೇಳೋಣ, ಕೇಳದೆ ಮಾತ್ರ ಬಿಡುವುದು ಬೇಡ.

ಮುಂದಿನ ಮದುವೆಯ ಪಂಕ್ತಿಯಲ್ಲಿ ಆ ಹಿರಿಯರು ಮತ್ತೆ ಅದೇ ಮಾತು ತೆಗೆದರೆ ನಾನು ಸುಮ್ಮನಿರಲಾರೆ. "ಬರ್ಲಿಲ್ಲ ಅಂದ್ರೆ ಒಳ್ಳೇದಾಯ್ತ್, ಅಜ್ಜಯ್ಯ. ಇವತ್ತ್ ನಮ್ ಕಾಲುಸಂಕದ ಪ್ರಶ್ನೆ ಇತ್ತ್" ಎಂದು ಹೇಳುವ ಆಸೆ. ಆದರೆ ಆ ಪ್ರಶ್ನೆಯನ್ನು ನಾವು ಬರೆದುಕೊಟ್ಟಿದ್ದರೆ ತಾನೆ ಹಾಗೆ ಹೇಳಲು ಸಾಧ್ಯ? ಮಳೆಗಾಲ ದೂರವಿಲ್ಲ. ಸಂಕಗಳನ್ನು ಎಣಿಸುವ ಕೆಲಸವನ್ನು ಈ ರಜೆಯಲ್ಲೇ ಆರಂಭಿಸೋಣ.